ನನ್ನ ರೊಟ್ಟಿ ಹೋಗುತ್ತಿದ್ದ ಜಾಗ

ರೊಟ್ಟಿ ಕೇಂದ್ರಕ್ಕೆ ಹೋದ ಮೊದಲ ದಿನ ನನ್ನ ಕೈಗೆ ಕಸಬರಿಗೆ ಕೊಡುತ್ತಾರೆಂದೇ ತಿಳಿದು ಹಳೆಯ ಸೀರೆ ಉಟ್ಟಿದ್ದೆ. ಅಂಗಳ ಗುಡಿಸುವುದು, ಹಿಟ್ಟಿನ ಡಬ್ಬಿ ತೊಳೆಯುವುದು, ಸಂಜೆಗೆ ಮನೆ ಸೇರುವುದು ಎಂದು ಗಂಡನಿಗೂ ಹೇಳಿ ಬಂದಿದ್ದೆ. ಆದರೆ ಕೇಂದ್ರದ ಮುಖ್ಯಸ್ಥೆ ಬಾಗಿಲಲ್ಲೇ ನಿಂತಿದ್ದರು.

"ಒಳಗ ಬಾ ತಂಗಿ. ನಿನ್ನ ಕೈ ರೊಟ್ಟಿ ಚಲೋ ಆಗ್ತಾವಂತ ಕೇಳೇನಿ. ಒಲಿ ಮುಂದ ಕೂಡು."

"ಅವ್ವಾರ, ನಾನು..." ಎಂದು ತಡವರಿಸಿದೆ.

"ನೀ ಯಾರಂತ ನನಗ ಗೊತ್ತದ. ಇಲ್ಲಿ ಅದೆಲ್ಲಾ ನಡೆಯಂಗಿಲ್ಲ. ಶರಣರನ್ನ ನಂಬಿದ ಮನಿತನ ನಮ್ದು. ಇನ್ನಮ್ಯಾಲ ಅವ್ವಾರ ಅನಬ್ಯಾಡ, ಅಕ್ಕಾ ಅನ್ನು."

ನನಗಾಗ ಮೂವತ್ನಾಲ್ಕು ವರ್ಷ. ಊರಿನ ದೊಡ್ಡ ಮನೆಯ ಹೆಂಗಸೊಬ್ಬರು ನನ್ನನ್ನು ಒಳಗೆ ಬಾ ಅಂದದ್ದು ಅದೇ ಮೊದಲು. ಒಳಗೆ ಹೋಗುವಾಗ ಹೊಸ್ತಿಲು ಎಡವಿದೆ.

ನನ್ನ ತವರು ನೆಲೋಗಿ ಕಡೆ. ಅಪ್ಪ ಕೂಲಿ ಮಾಡಿದರೂ ನನ್ನನ್ನು ಜೇವರ್ಗಿಯಲ್ಲಿ ಪಿಯುಸಿವರೆಗೆ ಓದಿಸಿದ. ಎರಡನೇ ವರ್ಷ ಮುಗಿಯುತ್ತಲೇ ಅಫಜಲಪುರ ತಾಲ್ಲೂಕಿನ ಈ ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ಗೊಬ್ಬೂರಿನಲ್ಲಿ ಬಸ್ಸಿಳಿದು ಎರಿ ಹೊಲಗಳ ನಡುವೆ ಅರ್ಧ ತಾಸು ನಡೆದರೆ ನಮ್ಮ ಊರು. ಊರು ದಾಟಿ ಇನ್ನೂ ನಡೆದರೆ ನಮ್ಮ ಕೇರಿ. ಗಂಡ ಗೌಂಡಿ ಕೆಲಸದವನು. ಊರಿನ ಅರ್ಧ ಮನೆಗಳ ಗೋಡೆ ಅವನೇ ಕಟ್ಟಿದ್ದು. ಗೃಹಪ್ರವೇಶ ಆದ ಮೇಲೆ ಅವುಗಳಲ್ಲಿ ಒಂದರ ಒಳಗೂ ಅವನು ಕಾಲಿಟ್ಟಿಲ್ಲ. ಅದು ನಮಗೆ ಹೊಸದೇನಲ್ಲ. ಅದರ ಬಗ್ಗೆ ಮಾತಾಡುತ್ತಲೂ ಇರಲಿಲ್ಲ.

ಕೇಂದ್ರ ಶುರುವಾದದ್ದು ಸರ್ಕಾರದ ಒಂದು ಯೋಜನೆಯಲ್ಲಿ. ಹತ್ತು ಮಂದಿ ಹೆಂಗಸರ ಸಂಘ. ಅದರಲ್ಲಿ ಇಬ್ಬರಾದರೂ ನಮ್ಮವರು ಇರಬೇಕೆಂದು ನಿಯಮ. ನಮ್ಮ ಕೇರಿಯ ಇಬ್ಬರ ಹೆಸರಿಲ್ಲದೆ ಹಿಟ್ಟು ನಾದುವ ಯಂತ್ರವಾಗಲಿ ಗ್ಯಾಸಿನ ಒಲೆಗಳಾಗಲಿ ಬರುವಂತಿರಲಿಲ್ಲ. ಹೀಗೆ ನಾನೂ ಪಕ್ಕದ ಮನೆಯ ಚಿಗವ್ವನೂ ಸೇರಿದೆವು. ಚಿಗವ್ವ ರಕ್ತಸಂಬಂಧದವಳಲ್ಲ, ಕೇರಿಯ ವರಸೆಯಲ್ಲಿ ಚಿಕ್ಕಮ್ಮ. ಅರವತ್ತರ ಹತ್ತಿರದವಳು, ಗಂಡನಿಲ್ಲ. ಅವಳಿಗೆ ನೆಲ ಒರೆಸುವ, ಪಾತ್ರೆ ತಿಕ್ಕುವ ಕೆಲಸ ಕೊಟ್ಟರು. ನನಗೆ ಒಲೆ ಕೊಟ್ಟರು.

ಅಲ್ಲಿ ಮಾಡುತ್ತಿದ್ದದ್ದು ಜೋಳದ ಖಡಕ್ ರೊಟ್ಟಿ. ಎಸರಿಟ್ಟು, ಕುದಿಯುವ ನೀರನ್ನು ಹಿಟ್ಟಿಗೆ ಹೊಯ್ದು ನಾದಿ, ಹಲಗೆಯ ಮೇಲೆ ತೆಳ್ಳಗೆ ಬಡಿದು, ಹಂಚಿನ ಮೇಲೆ ಬಟ್ಟೆಯಿಂದ ಒತ್ತಿ ಒತ್ತಿ ಹಪ್ಪಳದಂತಾಗುವವರೆಗೆ ಬೇಯಿಸಬೇಕು. ತಿಂಗಳಾದರೂ ಕೆಡುವುದಿಲ್ಲ. ಬಡಿಯುವವರು ಆರು ಮಂದಿ. ಕೈಯೆಲ್ಲ ಒಂದೇ ತಾಳಕ್ಕೆ ಬಿದ್ದಾಗ ಆ ತಗಡಿನ ಶೆಡ್ಡು ಡಪ್ಪಿನ ಹಾಗೆ ಸದ್ದು ಮಾಡುತ್ತಿತ್ತು. ಆ ಸದ್ದಿನಲ್ಲಿ ನನ್ನ ಕೈಯೂ ಇದೆ ಎಂಬುದೇ ನನಗೊಂದು ದೊಡ್ಡ ಸಂಗತಿ.

ನನ್ನ ರೊಟ್ಟಿಗೆ ಒಂದು ಗುರುತಿದೆ. ಸಣ್ಣವಳಿದ್ದಾಗ ಬಲಗೈಯ ಉಂಗುರದ ಬೆರಳು ಬಂಡಿಯ ಗಾಲಿಗೆ ಸಿಕ್ಕು ಮುರಿದಿತ್ತು. ನೆಟ್ಟಗೆ ಕೂಡಲಿಲ್ಲ. ಅದಕ್ಕೇ ನಾನು ಬಡಿದ ರೊಟ್ಟಿಯ ಅಂಚಿನಲ್ಲಿ ಬೆರಳಿನ ಅಂತರಕ್ಕೊಂದು ಸಣ್ಣ ಕಚ್ಚು ಬೀಳುತ್ತದೆ. ಅವ್ವ ಬೈಯುತ್ತಿದ್ದಳು, "ನಿನ್ನ ರೊಟ್ಟಿ ಇಲಿ ತಿಂದಂಗ ಕಾಣ್ತಾವ ನೋಡು." ಆದರೆ ತೆಳುವಿಗೆ, ಬೇಯುವಿಕೆಗೆ ಯಾರೂ ಕೊರತೆ ಹೇಳುವಂತಿರಲಿಲ್ಲ.

ಅಕ್ಕ ನನ್ನ ಒಲೆಯನ್ನು ಬಾಗಿಲ ಹತ್ತಿರ ಇಡಿಸಿದರು. "ನಿನಗ ಶೆಕಿ ಆಗಬಾರದು, ಗಾಳಿ ಬರ್ತದ," ಎಂದರು. ನನ್ನ ಬುಟ್ಟಿಗೆ ಕೆಂಪು ದಾರ ಕಟ್ಟಿಸಿದರು. ಎಲ್ಲರ ಬುಟ್ಟಿಗೂ ಒಂದೊಂದು ಬಣ್ಣದ ದಾರ ಇತ್ತು. ಯಾರ ಕೆಲಸ ಎಷ್ಟು ಎಂದು ತಿಳಿಯಲಿಕ್ಕೆ. ಹನ್ನೊಂದು ಗಂಟೆಗೆ ಚಹಾ ಬರುತ್ತಿತ್ತು, ಎಲ್ಲರಿಗೂ ಕಾಗದದ ಕಪ್ಪಿನಲ್ಲಿ. ನಾಲ್ಕು ಗಂಟೆಯಾದರೆ, "ಕೇರಿ ದೂರದ, ನೀವಿಬ್ರೂ ಹೊತ್ತಿರ್ತಾನೇ ಹೋಗ್ರಿ. ಪ್ಯಾಕಿಂಗ್ ಇವ್ರು ನೋಡ್ಕೋತಾರ," ಎಂದು ಕಳಿಸಿಬಿಡುತ್ತಿದ್ದರು. ಕೂಲಿ ಒಂದು ದಿನವೂ ತಡವಾಗಲಿಲ್ಲ. ದಾರಿಯಲ್ಲಿ ನಾನು ಚಿಗವ್ವನಿಗೆ ಅನ್ನುತ್ತಿದ್ದೆ, "ಇಂಥವ್ರು ನಾಕು ಮಂದಿ ಊರಾಗ ಇದ್ರ ಸಾಕು ನೋಡು." ಚಿಗವ್ವ ಹೂಂ ಅನ್ನುತ್ತಿದ್ದಳು. ಆ ಹೂಂ ಎಷ್ಟು ಸಣ್ಣದಾಗಿತ್ತೆಂದು ಆಗ ನನಗೆ ಹೊಳೆಯಲಿಲ್ಲ.

ಒಮ್ಮೆ ಜೀಪಿನಲ್ಲಿ ಅಧಿಕಾರಿಗಳು ಬಂದರು. ಅಕ್ಕ ಅವರನ್ನು ಸೀದಾ ನನ್ನ ಒಲೆಯ ಮುಂದೆ ಕರೆತಂದರು. ನಾನು ಬಡಿಯುವಾಗ ಫೋಟೊ ತೆಗೆದರು. ಆ ಫೋಟೊ ದೊಡ್ಡದಾಗಿ ಅಚ್ಚಾಗಿ ತಾಲ್ಲೂಕು ಕಚೇರಿಯ ಗೋಡೆ ಏರಿತು. ಗಂಡ ಕೆಲಸದ ಮೇಲೆ ಅಫಜಲಪುರಕ್ಕೆ ಹೋದಾಗ ನೋಡಿ ಬಂದು, "ನಿನ್ನ ಮೂಗುತಿ ಸೈತ ಕಾಣ್ತದ," ಎಂದ. ಎಂಟನೇ ತರಗತಿಯ ಮಗಳು ಶಾಲೆಯಲ್ಲಿ ಹೇಳಿಕೊಂಡು ತಿರುಗಿದಳು: ನಮ್ಮ ಅವ್ವನ ರೊಟ್ಟಿ ಕಲಬುರಗಿ ಅಂಗಡಿಗೆ ಹೋಗ್ತಾವ, ಸೊಲ್ಲಾಪುರಕ್ಕೂ ಹೋಗ್ತಾವ.

ಹೀಗೆ ಒಂಬತ್ತು ತಿಂಗಳು ಕಳೆದವು.

ಒಂದು ಮುಂಜಾನೆ ಕೇಂದ್ರದ ಬಾಗಿಲು ತೆಗೆದಿರಲಿಲ್ಲ. ಕೀಲಿ ಅಕ್ಕನ ಮನೆಯಲ್ಲಿತ್ತು. ಉಳಿದವರು ಇನ್ನೂ ಬಂದಿರಲಿಲ್ಲವಾದ್ದರಿಂದ ನಾನೇ ತರಲು ಹೋದೆ. ಮುಂಬಾಗಿಲಿಗೆ ಹೋಗುವ ರೂಢಿ ನನಗಿಲ್ಲ, ಹಿತ್ತಲಿಗೆ ಹೋದೆ. ಅಕ್ಕನ ಸೊಸೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು. ಜಿಡಗಾ ಕಡೆಯ ಹುಡುಗಿ, ಮದುವೆಯಾಗಿ ಬಂದು ಆರು ತಿಂಗಳಾಗಿರಬೇಕು. ನನ್ನನ್ನು ಅವಳು ನೋಡಿದ್ದು ಅದೇ ಮೊದಲು.

"ಅತ್ತಿ ಪೂಜಾದಾಗ ಕೂತಾರ್ರಿ. ಇಲ್ಲೇ ನಿಲ್ರಿ ಅಕ್ಕಾರ, ಕೀಲಿ ತರ್ತೇನಿ," ಎಂದು ಒಳಗೆ ಹೋದಳು.

ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತೆ. ಎರಡು ಎಮ್ಮೆಗಳು ಮೇಯುತ್ತಿದ್ದವು. ಮೇಯುವಾಗ ಕಟಕ್ ಕಟಕ್ ಎಂದು ಸದ್ದು ಬರುತ್ತಿತ್ತು. ಮೇವಿನ ಕಣಕಿ ಹಾಗೆ ಸದ್ದು ಮಾಡುವುದಿಲ್ಲ. ಖಡಕ್ ರೊಟ್ಟಿ ಮುರಿಯುವ ಸದ್ದು ನನಗೆ ನಿದ್ದೆಯಲ್ಲೂ ತಿಳಿಯುತ್ತದೆ. ಬಗ್ಗಿ ನೋಡಿದೆ. ಎಮ್ಮೆಯ ಮುಂದಿನ ಕಲ್ಲಿನ ಗ್ವಾದಲಿಯ ತುಂಬ ರೊಟ್ಟಿ. ಕೆಲವು ಮುರಿದಿದ್ದವು, ಕೆಲವು ಇಡಿಯಾಗಿದ್ದವು. ಬಿಳಿ, ತೆಳ್ಳನೆ, ಒಂದೂ ಕರಿಕಾಗಿರಲಿಲ್ಲ. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಕಚ್ಚುಗಳು. ಇನ್ನೊಂದು ಎತ್ತಿದೆ. ಅದರಲ್ಲೂ ಅದೇ.

ಅಷ್ಟರಲ್ಲಿ ಸೊಸೆ ಕೀಲಿ ಹಿಡಿದು ಬಂದಳು. "ಏನ್ ನೋಡಾಕತ್ತೀರಿ?"

"ಈ ರೊಟ್ಟಿ ಎಲ್ಲಿವು?" ನನ್ನ ಬಾಯಿಂದ ಅಷ್ಟೇ ಬಂತು.

"ಕೇಂದ್ರದಾವ್ರಿ. ಕೆಟ್ಟವು ಅಂತ ಬರ್ತಾವಲ್ರಿ, ದಿನಾ ಒಂದು ಚೀಲಾ."

"ದಿನಾ?"

"ನಾ ಈ ಮನಿಗಿ ಬಂದಾಗಿಂದ ನೋಡಾಕತ್ತೇನ್ರಿ. ಅಲ್ಲಿ ಯಾರೋ ಒಬ್ಬಾಕಿ ಇದ್ದಾಳಂತ, ಆಕಿಗಿ ಬಡಿಯಾಕ ಬರಂಗಿಲ್ಲಂತ. ಪಾಪ ಬಿಡಸಾಕ ಬರಂಗಿಲ್ಲಂತ ಇಟ್ಕೊಂಡಾರಂತ ಅತ್ತಿ ಅಂತಾರ."

ಆ ಹುಡುಗಿ ಅದನ್ನು ಕುಹಕದಿಂದ ಹೇಳಲಿಲ್ಲ. ನಿಜವೆಂದು ನಂಬಿ ಹೇಳಿದಳು. ಕೀಲಿಯನ್ನು ನನ್ನ ಕೈಯಲ್ಲಿ ಇಟ್ಟಳು. ಅದೂ ಕೈಗೆ ಕೈ ತಾಗುವಂತೆ. ನಾನು ಯಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ರೊಟ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಬಿದ್ದೆ.

ಆಮೇಲೆ ನಾನು ಮಾಡಿದ್ದೇನೆಂದು ನೆನೆದರೆ ಇವತ್ತಿಗೂ ನನಗೇ ನಂಬಿಕೆ ಬರುವುದಿಲ್ಲ. ನೇರ ಕೇಂದ್ರಕ್ಕೆ ಹೋಗಿ ಬಾಗಿಲು ತೆಗೆದು, ಒಲೆ ಹಚ್ಚಿ, ಎಸರಿಟ್ಟು, ರೊಟ್ಟಿ ಬಡಿಯಲು ಕೂತೆ. ಕೈ ತನ್ನಷ್ಟಕ್ಕೆ ತಾನು ನಡೆಯಿತು. ತಲೆಯಲ್ಲಿ ಒಂದು ಮಾತೂ ಇರಲಿಲ್ಲ. ಬಿಸಿಲಲ್ಲಿ ಬಹಳ ಹೊತ್ತು ನಿಂತು ಒಳಗೆ ಬಂದಾಗ ಕಣ್ಣು ಕತ್ತಲಾಗುತ್ತದಲ್ಲ, ಹಾಗಾಗಿತ್ತು. ಅಕ್ಕ ಬಂದರು, ಎಂದಿನಂತೆ, "ಊಟಾ ಆಯ್ತಾ ತಂಗಿ?" ಎಂದರು. ನಾನು, "ಆಯ್ತ್ರಿ ಅಕ್ಕಾ," ಎಂದೆ.

ಚಹಾ ಬಂತು. ಕಾಗದದ ಕಪ್ಪನ್ನು ಕೈಯಲ್ಲಿ ಹಿಡಿದಾಗ ಮೊದಲ ಬಾರಿ ನನ್ನ ಮನಸ್ಸು ಅಲುಗಾಡಿತು. ಮೂಲೆಯ ಕಪಾಟಿನಲ್ಲಿ ಹತ್ತು ಹನ್ನೆರಡು ಸ್ಟೀಲ್ ಲೋಟಗಳಿದ್ದವು. ಧೂಳು ಹಿಡಿದು ಕೂತಿದ್ದವು. ಈ ಕಾಗದದ ಕಪ್ಪು ಯಾವಾಗ ಬಂದವು? ಪಕ್ಕದ ಒಲೆಯವಳನ್ನು ಕೇಳಿದೆ. "ನೀವಿಬ್ರೂ ಬಂದಾಗಿಂದ," ಎಂದು ಹೇಳಿ ನಾಲಿಗೆ ಕಚ್ಚಿಕೊಂಡಳು.

ಬಾಗಿಲ ಗಾಳಿ, ಕೆಂಪು ದಾರ, ಹೊತ್ತಿರುವಾಗಲೇ ಕಳಿಸುವುದು. ಒಂಬತ್ತು ತಿಂಗಳು ನಾನು ಪ್ರೀತಿಯೆಂದು ತಿಳಿದು ಮನೆಗೆ ಹೊತ್ತೊಯ್ದು ಗಂಡನ ಮುಂದೆ, ಮಗಳ ಮುಂದೆ ಬಿಚ್ಚಿಟ್ಟಿದ್ದೆಲ್ಲ ಒಂದೊಂದಾಗಿ ಮಗ್ಗುಲು ಬದಲಿಸಿತು.

ಆದರೂ ಕಣ್ಣಾರೆ ನೋಡಬೇಕೆನಿಸಿತು. ನಾಲ್ಕಕ್ಕೆ ಹೊರಟು ಅರ್ಧ ದಾರಿಯವರೆಗೆ ಹೋಗಿ, ಕೈಚೀಲ ಮರೆತೆನೆಂದು ಚಿಗವ್ವನಿಗೆ ಹೇಳಿ ವಾಪಸ್ ಬಂದೆ. ಪ್ಯಾಕಿಂಗ್ ನಡೆದಿತ್ತು. ಹಸಿರು ದಾರದ ಬುಟ್ಟಿ, ಹಳದಿ ದಾರದ ಬುಟ್ಟಿ ಮೇಜಿನ ಮೇಲಿದ್ದವು. ಅವುಗಳ ರೊಟ್ಟಿಗಳನ್ನು ಮುರಿಯದಂತೆ ಎರಡೂ ಕೈಯಲ್ಲಿ ಎತ್ತಿ ಕವರಿಗೆ ಇಳಿಸುತ್ತಿದ್ದರು. ನನ್ನ ಬುಟ್ಟಿ ನೆಲದ ಮೇಲಿತ್ತು. ಪ್ಯಾಕ್ ಮಾಡುವವಳು ಅದನ್ನು ಕಾಲಿನಿಂದ ಹತ್ತಿರಕ್ಕೆ ಸರಿಸಿ, ಎತ್ತಿ, ಗೋಣಿಚೀಲಕ್ಕೆ ಸುರುವಿದಳು. ರೊಟ್ಟಿಗಳು ಪಟಪಟ ಮುರಿದವು. ತಲೆ ಎತ್ತಿದಾಗ ಬಾಗಿಲಲ್ಲಿ ನಾನಿದ್ದೆ.

"ಏನರ ಮರ್ತಿದ್ಯಾ?" ಎಂದು ಕೇಳಿ ಮುಖ ಆಚೆ ತಿರುಗಿಸಿದಳು.

ಕೇರಿಗೆ ಬಂದು ಚಿಗವ್ವನ ಮನೆಯ ಕಟ್ಟೆಯ ಮೇಲೆ ಕೂತೆ. ಸೆರಗಿನಿಂದ ರೊಟ್ಟಿ ತೆಗೆದು ಅವಳ ಮುಂದಿಟ್ಟೆ. ಅವಳು ಅದನ್ನು ನೋಡಿ, ನನ್ನನ್ನು ನೋಡಿ, ಮೊಣಕಾಲ ಮೇಲೆ ತಲೆಯಿಟ್ಟಳು.

"ನಿನಗ ಗೊತ್ತಿತ್ತು," ಎಂದೆ.

"ಮೊದಲನೇ ತಿಂಗಳೇ ಗೊತ್ತಾಯ್ತು ಮಗಾ. ಮುಂಜಾನಿ ನೆಲಾ ಒರಸಾಕ ಹೋದಾಗ ಚೀಲಾ ನೋಡ್ದೆ."

"ಯಾಕ ಹೇಳಲಿಲ್ಲ ಬೇ?"

"ಹೆಂಗ ಹೇಳ್ಲಿ? ನೀ ದಿನಾ ಸಂಜೀಕ ಹಾರ್ಯಾಡ್ಕೋತ ಬರ್ತಿದ್ದಿ. ನಿನ್ನ ಮಗಳು ಕೇರಿ ತುಂಬಾ ಹೇಳ್ಕೋತ ಓಡಾಡ್ತಿದ್ಳು. ನಾ ಹೇಳಿದ್ರ ನೀ ಬಿಡ್ತಿದ್ದಿ, ನಿನ್ನ ಹಿಂದ ನಾನೂ ಬಿಡಬೇಕಾಗ್ತಿತ್ತು. ನನಗ ಯಾರದಾರ?"

ಅಕ್ಕ ಮಾಡಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಅಲ್ಲಾಡಿಸಿತು. ಅವಳ ಮೇಲೆ ಸಿಟ್ಟಾಗಲೂ ಆಗಲಿಲ್ಲ. ಎದ್ದು ಮನೆಗೆ ಹೋಗಿ ಗಂಡನಿಗೆ ಹೇಳಿದೆ. "ಬೈದಿದ್ರ ಬೈದ್ರು ಅನಬಹುದಿತ್ತು. ಹೊಡದಿದ್ರ ಹೊಡದ್ರು ಅನಬಹುದಿತ್ತು. ಇದಕ್ಕ ಏನಂತಾರ?" ಎಂದ. ಮಗಳು ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. "ಅವ್ವಾ, ಎಮ್ಮಿ ಚಲೋ ತಿಂತಿದ್ದವೇನು?" ಎಂದು ಕೇಳಿದಳು. ನನಗೆ ನಗು ಬಂತು. ನಕ್ಕೆ. ನಗುತ್ತಲೇ ಅಳು ಬಂತು. ಅವಳು ಹೆದರಿ ಬಂದು ನನ್ನ ಕೈ ಹಿಡಿದುಕೊಂಡಳು.

ಸಂಘದ ವಾರದ ಸಭೆ ಸೋಮವಾರ. ಎಲ್ಲರೂ ಚಾಪೆಯ ಮೇಲೆ ಕೂತಾಗ ನಾನು ಆ ರೊಟ್ಟಿಯನ್ನು ಅಕ್ಕನ ಮುಂದೆ ಇಟ್ಟೆ.

"ಅಕ್ಕಾ, ಇದು ನಿಮ್ಮ ಎಮ್ಮಿ ಗ್ವಾದಲ್ಯಾಗ ಸಿಕ್ತು. ಇದರಾಗ ಏನು ಕೆಟ್ಟದ, ತೋರಿಸ್ರಿ."

ಹೊರಗೆ ಯಾವುದೋ ಟ್ರ್ಯಾಕ್ಟರ್ ಹೋಯಿತು. ಸುಳ್ಳು ಹೇಳುತ್ತಾರೆಂದು ನಾನು ಕಾದಿದ್ದೆ. ಕರಿಕಾಗಿತ್ತು, ಮುರಿದಿತ್ತು, ಹುಳ ಬಿದ್ದಿತ್ತು ಎಂದಾದರೂ ಹೇಳಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವರು ಸುಳ್ಳು ಹೇಳಲಿಲ್ಲ.

"ಕೆಟ್ಟಿಲ್ಲ ತಂಗಿ. ನಿನ್ನ ರೊಟ್ಟಿ ನಮ್ಮೆಲ್ಲಾರಕಿಂತ ಚಲೋ ಇರ್ತಾವ," ಎಂದರು. ಕಣ್ಣಲ್ಲಿ ನೀರಿತ್ತು. "ನನಗೇನಿಲ್ಲ. ಮಂದಿಗಿ. ಅಂಗಡ್ಯಾಗ ಯಾರರ ಕೇಳಿದ್ರ, ಊರಾಗ ಯಾರರ ಆಡ್ಕೊಂಡ್ರ, ಕೇಂದ್ರಾನೇ ಮುಚ್ಚಬೇಕಾಗ್ತದ. ಹತ್ತು ಮನಿ ಒಲಿ ಆರ್ತಾವ. ನಿನಗ ಬ್ಯಾಸರಾಗಬಾರದಂತ ಹೇಳಲಿಲ್ಲ. ಕೂಲಿ ಒಂದು ದಿನ ಕಮ್ಮಿ ಮಾಡೇನೇನು? ಒಂದು ಮಾತು ಹೊಲಸು ಆಡೇನೇನು? ನಿನಗೇನು ಲುಕ್ಸಾನ್ ಆಯ್ತು ಹೇಳು?"

ಅವರು ಮನಸ್ಸಿನಿಂದಲೇ ಕೇಳುತ್ತಿದ್ದರು. ನನಗೇನು ನಷ್ಟವಾಯಿತೆಂದು ಅವರಿಗೆ ನಿಜಕ್ಕೂ ತಿಳಿಯುತ್ತಿರಲಿಲ್ಲ. ನಾನು ಉಳಿದವರ ಮುಖ ನೋಡಿದೆ. ಒಬ್ಬಳು ಮೆಲ್ಲಗೆ, "ಎಲ್ಲಾರಿಗೂ ಗೊತ್ತಿದ್ದದ್ದೇ. ಈಗ್ಯಾಕ ದೊಡ್ಡದು ಮಾಡ್ತಿ?" ಎಂದಳು. ದಿನವೂ ನನ್ನ ಪಕ್ಕದಲ್ಲಿ ಕೂತು ತಾಳಕ್ಕೆ ತಾಳ ಹಾಕಿದವರು, ಮಗಳ ಜ್ವರ ಇಳಿಯಿತೇ ಎಂದು ಕೇಳಿದವರು. ನಾನು ಬಡಿಯುವುದು ಎಮ್ಮೆಗೆಂದು ಗೊತ್ತಿದ್ದೇ ನನ್ನೊಡನೆ ನಗುತ್ತಿದ್ದರು.

"ಅಕ್ಕಾ, ಕೂಲಿ ಕೊಟ್ರಿ ಖರೇ. ಆದ್ರ ನಾ ಕೆಲಸಾ ಮಾಡೇ ಇಲ್ಲಲ್ಲ. ಒಂಬತ್ತು ತಿಂಗಳು ನನ್ನ ಕೈ ಆಟಾ ಆಡಿದಂಗ ಆಯ್ತಲ್ಲ," ಎಂದೆ. ಅದಕ್ಕಿಂತ ಚೆನ್ನಾಗಿ ಹೇಳಲು ಆ ದಿನ ನನಗೆ ಬರಲಿಲ್ಲ. ಎದ್ದು ಬಂದೆ. ಬಾಗಿಲು ದಾಟಿದ ಮೇಲೆ ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು. ಚಿಗವ್ವ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕಟ್ಟೆಯ ಮೇಲೆ ಬಿಸಾಕಿ ನನ್ನ ಹಿಂದೆ ಬರುತ್ತಿದ್ದಳು.

ಆ ವಾರವೇ ಒಂದು ಅರ್ಜಿ ಬರೆದು ತಾಲ್ಲೂಕು ಕಚೇರಿಗೆ ಹೋದೆ. ಯೋಜನೆ ನೋಡಿಕೊಳ್ಳುವ ಗುಮಾಸ್ತ ಅದನ್ನು ಎರಡು ಸಲ ಓದಿದ. "ಕೂಲಿ ಕೊಟ್ಟಾರ?" "ಕೊಟ್ಟಾರ್ರಿ." "ಜಾತಿ ಹಿಡಿದು ಬೈದಾರ?" "ಇಲ್ರಿ." "ಒಳಗ ಬಿಟ್ಕೊಂಡಾರ?" "ಹೌದ್ರಿ." "ಹಂಗಾದ್ರ ಇದನ್ನ ಯಾವ ಕಾಲಂದಾಗ ಬರೀಲಿ ನಾನು?" ಎಂದು ಕೇಳಿದ. ಅವನು ಕೆಟ್ಟವನಿರಲಿಕ್ಕಿಲ್ಲ, ಪೆನ್ನು ಹಿಡಿದೇ ಕೂತಿದ್ದ. ಅವನ ತಲೆಯ ಮೇಲಿನ ಗೋಡೆಯಲ್ಲಿ ನಾನಿದ್ದೆ, ಮೂಗುತಿ ಸಮೇತ, ನಗುತ್ತ ರೊಟ್ಟಿ ಬಡಿಯುತ್ತ.

ಒಳಗಿನ ಕೋಣೆಯಿಂದ ಮೇಡಂ ಹೊರಬಂದರು. ಫೋಟೊ ತೆಗೆಸಿದವರು ಅವರೇ. ಅರ್ಜಿ ಓದಿ, ಗೋಡೆ ನೋಡಿ, ನನ್ನನ್ನು ನೋಡಿದರು. ಮುಖ ಕೆಂಪಾಯಿತು. "ಆ ಫೋಟೊ ಇವತ್ತೇ ಇಳಸ್ತೇನಮ್ಮಾ," ಎಂದರು.

"ಇಳಸಬ್ಯಾಡ್ರಿ ಮೇಡಂ. ಅಲ್ಲೇ ಇರ್ಲಿ. ಆ ರೊಟ್ಟಿ ಎಲ್ಲಿಗಿ ಹೋದವು ಅಂತ ಕೆಳಗ ಬರೀರಿ."

ಅವರು ಏನೂ ಬರೆಯಲಿಲ್ಲ. ಕೇಂದ್ರಕ್ಕೆ ಹೋಗಿ ವಿಚಾರಣೆ ಮಾಡಿದರೆಂದು ಆಮೇಲೆ ತಿಳಿಯಿತು. ನಮ್ಮಿಬ್ಬರ ಬದಲು ಬೇರೆ ಇಬ್ಬರ ಹೆಸರು ಸೇರಿತು. ಅಲ್ಲಿಗೆ ಆ ವಿಷಯ ನಿಂತಿತು. ಆದರೆ ಆ ದಿನ ನಾನು ಮೆಟ್ಟಿಲು ಇಳಿಯುವಾಗ ಅವರು ಹಿಂದೆಯೇ ಬಂದು, "ಮುಂದಿನ ತಿಂಗಳು ಆಳಂದದಾಗ ಮಹಿಳಾ ಸಂಘಗಳ ಮಾರಾಟ ಮೇಳ ಅದ. ನಿಮ್ಮ ಕೇರಿ ಹೆಸರಿಲೇ ಒಂದು ಮಳಿಗಿ ಕೊಡಸ್ತೇನಿ. ಬರ್ತೀರೇನು?" ಎಂದು ಕೇಳಿದರು. ಬರ್ತೇನಿ ಎಂದುಬಿಟ್ಟೆ. ಹಂಚು ಒಂದೂ ಇರಲಿಲ್ಲ.

ಕೇರಿಯ ನಾಲ್ಕು ಮಂದಿ ಹೆಂಗಸರು ಸೇರಿದೆವು. ಗಂಡ ಬೇರೆ ಮನೆಗಳಲ್ಲಿ ಉಳಿದ ಇಟ್ಟಿಗೆ ತಂದು ಹಿತ್ತಲಲ್ಲಿ ಮೂರು ಒಲೆ ಕಟ್ಟಿದ. ಚಿಗವ್ವ ಜೋಳ ಹಸನು ಮಾಡುವುದು, ಎಸರು ಕಾಯಿಸುವುದು, ರೊಟ್ಟಿಗೆ ನೆಂಚಿಕೊಳ್ಳಲು ಶೇಂಗಾ ಚಟ್ನಿಪುಡಿ ಕುಟ್ಟುವುದು ನೋಡಿಕೊಂಡಳು. ನನ್ನೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ನಾನು ಏಳುವ ಮೊದಲೇ ಬಂದು ಒಲೆ ಹಚ್ಚಿರುತ್ತಿದ್ದಳು. ಬೋರ್ಡನ್ನು ನಾನೇ ಬರೆದೆ. ಕೇರಿಯ ಹೆಸರನ್ನು ದೊಡ್ಡದಾಗಿ ಬರೆದು ಅದರ ಕೆಳಗೆ 'ಖಡಕ್ ರೊಟ್ಟಿ, ಶೇಂಗಾ ಹಿಂಡಿ' ಎಂದು ಬರೆದೆ. ಕೇರಿಯ ಹೆಸರು ಓದಿದರೆ ಸಾಕು, ನಾವು ಯಾರೆಂದು ಈ ಕಡೆಯ ಯಾರಿಗಾದರೂ ತಿಳಿಯುತ್ತದೆ. ಜೊತೆಯವಳೊಬ್ಬಳು, "ಊರ ಹೆಸರು ಹಾಕಿದ್ರ ಸಾಕಾಗ್ತಿತ್ತಲ್ಲ," ಎಂದಳು. ನಾನು ಅಳಿಸಲಿಲ್ಲ.

ಮೇಳದ ಮೊದಲ ದಿನ ಮಧ್ಯಾಹ್ನದವರೆಗೆ ನಮ್ಮ ಮಳಿಗೆಗೆ ನೊಣ ಬಿಟ್ಟರೆ ಯಾರೂ ಬರಲಿಲ್ಲ. ಅಕ್ಕಪಕ್ಕದಲ್ಲಿ ಜನವೋ ಜನ. ಒಬ್ಬ ಹೆಂಗಸು ಅವಸರದಲ್ಲಿ ಬಂದು, ಒಂದು ಪೊಟ್ಟಣ ಎತ್ತಿಕೊಂಡು ದುಡ್ಡು ಕೊಟ್ಟು, ತಿರುಗುವಾಗ ಬೋರ್ಡು ಓದಿದರು. ಪೊಟ್ಟಣವನ್ನು ಮೆಲ್ಲಗೆ ಹಲಗೆಯ ಮೇಲೆ ಇಟ್ಟು ಹೊರಟುಹೋದರು. ದುಡ್ಡು ವಾಪಸ್ ಕೇಳಲಿಲ್ಲ. ನಾನು ಎದ್ದು ಓಡಿದೆ. ಜನರ ನಡುವೆ ಅವರನ್ನು ಹಿಡಿದು ದುಡ್ಡನ್ನು ಕೈಯಲ್ಲಿಟ್ಟೆ. "ಇರ್ಲಿ ಬಿಡ್ರಿ," ಎಂದರು. "ಇಲ್ರಿ, ರೊಟ್ಟಿ ಒಯ್ದ್ರ ದುಡ್ಡು. ಇಲ್ಲಂದ್ರ ಇಲ್ಲ," ಎಂದೆ.

ಮಳಿಗೆಗೆ ಮರಳಿ ಬಂದು, ನಾವು ಹೊತ್ತು ತಂದಿದ್ದ ಸಣ್ಣ ಒಲೆಯನ್ನು ಹಿಂದಿನಿಂದ ಎತ್ತಿ ಮುಂದೆ ಇಡಿಸಿದೆ. ಎಲ್ಲರೂ ನೋಡಲಿ ಎಂದು ಬಡಿಯಲು ಕೂತೆ. ಬಿಸಿ ರೊಟ್ಟಿಯ ವಾಸನೆಗೆ ಕಾಲುಗಳು ನಿಂತವು. ಹಣೆಗೆ ವಿಭೂತಿ ಹಚ್ಚಿದ ಒಬ್ಬ ಹಿರಿಯರು ಬಂದು, ರುಚಿ ನೋಡಲು ಇಟ್ಟ ತಟ್ಟೆಯಿಂದ ಒಂದು ತುಣುಕು ತೆಗೆದು ಬಾಯಿಗೆ ಹಾಕಿಕೊಂಡರು. ಅಗಿಯುತ್ತಲೇ, "ಯಾವ ಪೈಕಿ ನೀವು?" ಎಂದರು.

ಹೇಳಿದೆ, ಒತ್ತಿ ಹೇಳಿದೆ.

ಅವರ ದವಡೆ ನಿಂತಿತು. ಬಾಯಲ್ಲಿ ರೊಟ್ಟಿ ಇತ್ತು. ಉಗುಳಲಿಲ್ಲ, ನುಂಗಲೂ ಇಲ್ಲ. ಅವರು ನನ್ನನ್ನು ನೋಡುತ್ತಿದ್ದರು, ನಾನು ಅವರನ್ನು. ಚಿಗವ್ವ ನನ್ನ ಬೆನ್ನಿಗೆ ಅಂಟಿಕೊಂಡು ನಿಂತಿದ್ದಳು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಗಂಟಲು ಅಲುಗಿತು, ನುಂಗಿದರು.

"ಹಿಂಡಿ ಖಾರದ್ದು ಅದೇನು?" ಎಂದು ಕೇಳಿದರು.

"ಅದರಿ."

"ಎರಡು ಕಟ್ಟು. ರೊಟ್ಟಿನೂ ಎರಡು."

ಅವರ ಹಿಂದೆ ನಿಂತವರಲ್ಲಿ ಕೆಲವರು ಹೋದರು, ಕೆಲವರು ಮುಂದೆ ಬಂದರು. ಮೂರು ದಿನ ಹೀಗೇ ನಡೆಯಿತು. ತಂದ ರೊಟ್ಟಿಯೆಲ್ಲ ಖರ್ಚಾಗಲಿಲ್ಲ, ಆದರೆ ಬಹುಪಾಲು ಆದವು. ಮನುಷ್ಯರು ನನ್ನ ರೊಟ್ಟಿ ತಿನ್ನುವುದನ್ನು ನೋಡುತ್ತ ನಿಂತೆ. ಒಬ್ಬಾಕೆ ಮಗುವಿನ ಬಾಯಿಗೆ ಮುರಿದು ಇಟ್ಟಾಗ ಕೈಯಲ್ಲಿದ್ದ ಹಿಟ್ಟಿನ ಉಂಡೆ ಜಾರಿ ಬಿತ್ತು.

ಅದಾಗಿ ಈಗ ಕೆಲವು ವರ್ಷಗಳಾಗಿವೆ. ಹಿತ್ತಲಿನ ಒಲೆಗಳಿಗೆ ಗಂಡ ತಗಡಿನ ನೆರಳು ಕಟ್ಟಿದ್ದಾನೆ. ಏಳು ಮಂದಿ ಕೆಲಸ ಮಾಡುತ್ತೇವೆ. ಪೊಟ್ಟಣದ ಮೇಲೆ ಕೇರಿಯ ಹೆಸರಿನ ಚೀಟಿ ಇದೆ. ಜೇವರ್ಗಿಯ ಎರಡು ಖಾನಾವಳಿಗಳು, ಕಲಬುರಗಿಯ ಒಂದು ಅಂಗಡಿ ಕಾಯಂ ಗಿರಾಕಿಗಳು. ಊರಿನ ಅಂಗಡಿಯಲ್ಲಿ ಮಾತ್ರ ಇವತ್ತಿಗೂ ನಮ್ಮ ಪೊಟ್ಟಣ ಇಡುವುದಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಕ್ಕ ನಮ್ಮ ಕೇರಿಗೆ ಬಂದರು. ಅವರು ಅಲ್ಲಿಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಮಕ್ಕಳು ಆಟ ನಿಲ್ಲಿಸಿ ನಿಂತರು. ಬಿಸಿಲಿಗೆ ಬಳಲಿದ್ದರು, ಸಣ್ಣಗಾಗಿದ್ದರು. ನೆರಳಿನ ಕೆಳಗೆ ಬಂದು, ಕೂಡ್ರಿ ಅನ್ನುವ ಮೊದಲೇ ನಮ್ಮ ಚಾಪೆಯ ಮೇಲೆ ಕೂತರು. ಚಿಗವ್ವ ಪರೀಕ್ಷೆ ಮಾಡುವವಳಂತೆ ಸ್ಟೀಲ್ ಚರಿಗೆಯಲ್ಲಿ ನೀರು ತಂದಿಟ್ಟಳು. ಅಕ್ಕ ಚರಿಗೆ ಎತ್ತಿ ಗಟಗಟ ಕುಡಿದು ಬಾಯಿ ಒರೆಸಿಕೊಂಡರು. ನಾವೆಲ್ಲ ದಂಗಾಗಿ ನೋಡಿದೆವು.

"ಒಂದು ದೊಡ್ಡ ಆರ್ಡರ್ ಬಂದದ ತಂಗಿ. ಸಾಮೂಹಿಕ ಮದುವಿದು. ನಮ್ಮಲ್ಲಿ ಇಬ್ರು ಬಿಟ್ಟು ಹೋಗ್ಯಾರ, ಕೈ ಸಾಲವಲ್ದು. ಅರ್ಧಾ ರೊಟ್ಟಿ ನೀವು ಮಾಡಿಕೊಡ್ರಿ. ನಿನ್ನ ರೊಟ್ಟಿಯಂಥವು ಎಲ್ಲೂ ಸಿಗಂಗಿಲ್ಲ," ಎಂದರು.

ನನ್ನ ಎದೆ ತುಂಬಿ ಬಂತು. ಮುಚ್ಚಿಟ್ಟು ಫಲವಿಲ್ಲ, ತುಂಬಿ ಬಂತು. "ಮಾಡೋಣಂತ್ರಿ ಅಕ್ಕಾ," ಎನ್ನಬೇಕೆಂದು ಬಾಯಿ ತೆರೆದೆ.

"ಒಂದೇ ಮಾತು," ಎಂದರು ಅವರು. "ನಿಮ್ಮ ಚೀಟಿ ಹಚ್ಚಬ್ಯಾಡ್ರಿ. ಖುಲ್ಲಾ ಕೊಡ್ರಿ, ನಮ್ಮ ಚೀಟಿ ನಾವು ಹಚ್ಕೋತೇವಿ. ನನಗೇನಿಲ್ಲ ತಂಗಿ, ನೋಡಿದ್ಯಲ್ಲ, ನೀರು ಕುಡದೆ. ಮಂದಿಗಿ."

ಹೇಳಿದ್ದು ಅದೇ ಮಾತು, ಅದೇ ದನಿಯಲ್ಲಿ. ಅವರ ತುಟಿಯ ಮೇಲೆ ನಮ್ಮ ಮನೆಯ ನೀರು ಇನ್ನೂ ಆರಿರಲಿಲ್ಲ.

"ಆ ಮಂದಿ ಯಾರು ಅಕ್ಕಾ? ಒಬ್ಬರ ಹೆಸರು ಹೇಳ್ರಿ, ನಾ ಹೋಗಿ ಮಾತಾಡ್ತೇನಿ," ಎಂದೆ.

ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಹಣೆಯಲ್ಲಿ ಗೆರೆ ಮೂಡಿತು. ಒಂದು ಹೆಸರೂ ಬರಲಿಲ್ಲ.

"ಚೀಟಿ ಇದ್ರ ಎಷ್ಟು ಬೇಕೋ ಅಷ್ಟು ಮಾಡಿಕೊಡ್ತೇವ್ರಿ. ಚೀಟಿ ಇಲ್ದ ಒಂದೂ ಇಲ್ಲ."

ಅವರು ಮೊಣಕಾಲು ಹಿಡಿದುಕೊಂಡು ಎದ್ದು ಬಿಸಿಲಿಗೆ ಇಳಿದರು. ಸಿಟ್ಟಿನಿಂದ ಹೋದಂತೆ ಕಾಣಲಿಲ್ಲ. ಎಲ್ಲಿ ತಪ್ಪಿತೆಂದು ತಿಳಿಯದವರಂತೆ ನಡೆದು ಹೋದರು.

ಆ ಸಂಜೆ ನಮ್ಮಲ್ಲೇ ಜಗಳವಾಯಿತು. ಚಿಗವ್ವ ಸಿಟ್ಟಿಗೆದ್ದಳು. "ಚೀಟಿ ಯಾರು ಉಣ್ತಾರ? ಅಷ್ಟು ದೊಡ್ಡ ಕೆಲಸಾ ಬಾಗಲಿಗಿ ಬಂದಿತ್ತು. ಮಳಿಗಾಲದಾಗ ಏಳು ಮನಿ ತಣ್ಣಗ ಇರ್ತಿದ್ದವು," ಎಂದಳು. ಇಬ್ಬರು ಅವಳ ಕಡೆ, ಇಬ್ಬರು ನನ್ನ ಕಡೆ. ಉಳಿದೊಬ್ಬಳು ತಲೆ ಬಗ್ಗಿಸಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಸರಿ ಮಾಡಿದೆನೆಂದು ಎದೆ ತಟ್ಟಿ ಹೇಳಲಾರೆ. ಮಗಳು ಈಗ ಕಲಬುರಗಿಯಲ್ಲಿ ಡಿಗ್ರಿ ಓದುತ್ತಿದ್ದಾಳೆ, ಫೋನಿನಲ್ಲಿ ಹೇಳಿದಾಗ ಅವಳು, "ಅವ್ವಾ, ಖರೇನೇ ನೀರು ಕುಡದ್ಳಾ?" ಎಂದಷ್ಟೇ ಕೇಳಿದಳು.

ಮರುದಿನ ಮುಂಜಾನೆ ಚಿಗವ್ವ ಮುಖ ಗಂಟು ಹಾಕಿಕೊಂಡೇ ಬಂದು ಎಸರಿಟ್ಟಳು. ಜೇವರ್ಗಿಗೆ ಹೋಗುವ ರೊಟ್ಟಿ ಮೊದಲ ಬಸ್ಸಿಗೆ ಹಾಕಬೇಕಿತ್ತು. ಎಲ್ಲರೂ ಹಲಗೆ ಎಳೆದುಕೊಂಡು ಕೂತೆವು.